20,000 ರೂಪಾಯಿಯೊಳಗೆ ಮನೆಗೊಂದು ಹೆಡ್‌ಫೋನ್ ವ್ಯವಸ್ಥೆ: ನನ್ನ ಅನುಭವ

ಹೆಡ್‌ಫೋನ್, ಡ್ಯಾಕ್ (ಡಿಜಿಟಲ್ ಕಡತವನ್ನು ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಸಾಧನ), ಆಂಪ್ಲಿಫೈಯರ್, ಹಾಡು ನುಡಿಸುವ ತಂತ್ರಾಂಶ ಎಲ್ಲವೂ ಸೇರಿ 20,000 ರೂಪಾಯಿ ಮೀರಬಾರದು ಎಂದುಕೊಂಡು ಹೊರಟಾಗ, ಯಾವ ಕಂಪನಿಯದನ್ನು ಕೊಳ್ಳಲಿ ಎನ್ನುವುದಕ್ಕಿಂತ ಮೊದಲು ನಾನು ತೀರ್ಮಾನಿಸಿದ್ದು ಯಾವುದಕ್ಕೆ ಎಷ್ಟು ಹಣ ಎನ್ನುವುದನ್ನು. ಮುಕ್ಕಾಲು ಪಾಲು ಹೆಡ್‌ಫೋನಿಗೆ, ಉಳಿದದ್ದು ಮಿಕ್ಕೆಲ್ಲಕ್ಕೆ. ಎರಡು ಹೆಡ್‌ಫೋನ್‌ಗಳ ನಡುವೆ ಕೆಳಸ್ವರಗಳಲ್ಲೋ ಮೇಲ್ಸ್ವರಗಳಲ್ಲೋ ಐದಾರು ಡೆಸಿಬಲ್ ವ್ಯತ್ಯಾಸವಿರುವುದು ಮಾಮೂಲು, ಅದು ಯಾರ ಕಿವಿಗಾದರೂ ತಕ್ಷಣ ತಿಳಿಯುತ್ತದೆ. ಸರಿಯಾಗಿ ತಯಾರಾದ ಎರಡು ಡ್ಯಾಕ್‌ಗಳ ನಡುವಿನ ವ್ಯತ್ಯಾಸವಾದರೋ, ಧ್ವನಿಮಟ್ಟವನ್ನು ಸಮಮಾಡಿ ಕೇಳಿದಾಗ, ಅಳತೆಯ ಉಪಕರಣಕ್ಕೆ ಸಿಕ್ಕರೂ ಕಿವಿಗೆ ಸಿಗುವುದು ಬಹಳ ಕಷ್ಟ.

ನಾನು ಕೇಳುವುದು ಬಹುಪಾಲು ಕರ್ನಾಟಕ ಸಂಗೀತದ ಕಚೇರಿಗಳನ್ನು ಮತ್ತು ಧಾರವಾಡದ ಹಿರಿಯರ ಖಯಾಲ್ ಗಾಯನವನ್ನು. ತಂಬೂರಿಯ ಝೇಂಕಾರ, ಪಿಟೀಲಿನ ಕಮಾನು ತಂತಿಯ ಮೇಲೆ ದಿಕ್ಕು ಬದಲಿಸುವಾಗಿನ ಸಣ್ಣ ಸದ್ದು, ಮೃದಂಗದ ಎಡಮುಖದ ಗುಮ್ಕಿ ಎಂಬ ತಗ್ಗುನಾದ, ಇವು ಒಂದನ್ನೊಂದು ಮುಚ್ಚಿಹಾಕದೆ ಕೇಳಿಸಬೇಕೆಂಬುದು ನನ್ನ ಮುಖ್ಯ ಬೇಡಿಕೆಯಾಗಿತ್ತು. ಹಿಂಬದಿ ತೆರೆದಿರುವ, ಅಂದರೆ ಓಪನ್ ಬ್ಯಾಕ್ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಈ ಬಿಡಿಬಿಡಿತನ ಚೆನ್ನಾಗಿರುತ್ತದೆ. ಆದರೆ ಅವುಗಳಲ್ಲಿ ಸದ್ದು ಹೊರಗೂ ಸೋರುತ್ತದೆ, ಹೊರಗಿನದು ಒಳಗೂ ಬರುತ್ತದೆ. ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿದ್ದರೆ ತಂಬೂರಿಯ ಸೂಕ್ಷ್ಮ ಭಾಗ ಅದರಲ್ಲೇ ಮುಳುಗಿಹೋಗುತ್ತದೆ. ಹಾಗಿದ್ದರೂ ನಾನು ಓಪನ್ ಬ್ಯಾಕ್ ಕಡೆಗೇ ವಾಲಲು ಎರಡು ಕಾರಣಗಳಿದ್ದವು. ನಾನು ಕನ್ನಡಕ ಹಾಕುವವನು. ಕನ್ನಡಕದ ಕಡ್ಡಿ ಕ್ಲೋಸ್ಡ್ ಬ್ಯಾಕ್, ಅಂದರೆ ಹಿಂಬದಿ ಮುಚ್ಚಿರುವ ಹೆಡ್‌ಫೋನಿನ ಮೆತ್ತೆಯ ಕೆಳಗೆ ಸಂದು ಬಿಡಿಸಿದರೆ ಕೆಳಸ್ವರಗಳು ಸೋರಿ ಸೊರಗುತ್ತವೆ. ಎರಡನೆಯದು ನಮ್ಮ ಮಂಗಳೂರಿನ ಸೆಖೆ. ಕೃತಕ ಚರ್ಮದ ಮೆತ್ತೆಗಳು ಇಲ್ಲಿ ಬೆವರು ಹಿಡಿದು ಬೇಗನೆ ಸಿಪ್ಪೆ ಸುಲಿಯುತ್ತವೆ, ವೆಲ್ವೆಟ್‌ನಂಥ ಬಟ್ಟೆಯ ಮೆತ್ತೆಗಳು ಬಾಳಿಕೆ ಬರುತ್ತವೆ. ಮನೆಯಲ್ಲಿ ಮಕ್ಕಳು ಓದುವ ಕೋಣೆಯಲ್ಲೇ ಕೂತು ಕೇಳಬೇಕಾದವರಿಗೆ ನಾನು ಈ ಸಲಹೆ ಕೊಡುವುದಿಲ್ಲ. ಅವರಿಗೆ ಕ್ಲೋಸ್ಡ್ ಬ್ಯಾಕ್ ಒಂದೇ ದಾರಿ.

ಕೊನೆಗೆ ಉಳಿದವು ಎರಡು: ಸೆನ್‌ಹೈಸರ್ ಎಚ್‌ಡಿ 560ಎಸ್ ಮತ್ತು ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ, ಅದರಲ್ಲೂ 250 ಓಮ್‌ನದು (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಆಂಪ್ಲಿಫೈಯರ್ ಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದದ್ದು ಇಲ್ಲಿಯೇ. ಓಮ್ ಹೆಚ್ಚಿದ್ದರೆ ಆಂಪ್ ಬೇಕು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಆದರೆ ಓಮ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ಜೊತೆಗೆ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಹೊಮ್ಮುತ್ತದೆ ಎಂಬ ಅಂಕಿಯೂ ಬೇಕು. ಅದನ್ನು ಕೆಲವು ಕಂಪನಿಗಳು 1 ವೋಲ್ಟ್‌ಗೆ ಇಷ್ಟು ಡೆಸಿಬಲ್ ಎಂದು ಕೊಡುತ್ತವೆ, ಇನ್ನು ಕೆಲವು 1 ಮಿಲಿವ್ಯಾಟ್‌ಗೆ ಇಷ್ಟು ಎಂದು ಕೊಡುತ್ತವೆ. ಇವೆರಡನ್ನೂ ಒಂದೇ ಎಂದು ಭಾವಿಸಿ ಹೋಲಿಸಿದರೆ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ.

ನಾನು ಮಾಡಿದ ಲೆಕ್ಕ ಹೀಗಿತ್ತು. 560ಎಸ್ 120 ಓಮ್‌ನದು, 1 ವೋಲ್ಟ್ ಕೊಟ್ಟರೆ 110 ಡೆಸಿಬಲ್ ಹೊಮ್ಮಿಸುತ್ತದೆ. ಡಿಟಿ 990 ಪ್ರೊ 1 ಮಿಲಿವ್ಯಾಟ್‌ಗೆ 96 ಡೆಸಿಬಲ್ ಕೊಡುತ್ತದೆ. 250 ಓಮ್‌ಗೆ 1 ವೋಲ್ಟ್ ಹಾಕಿದರೆ ಸಿಗುವ ಶಕ್ತಿ 4 ಮಿಲಿವ್ಯಾಟ್, ಶಕ್ತಿ ನಾಲ್ಕು ಪಟ್ಟಾದರೆ ಧ್ವನಿ 6 ಡೆಸಿಬಲ್ ಏರುತ್ತದೆ, ಆದ್ದರಿಂದ ಅದರದು 102. ಕಚೇರಿಯ ಧ್ವನಿಮುದ್ರಿಕೆಯನ್ನು ನಾನು ಸರಾಸರಿ 75 ಡೆಸಿಬಲ್‌ನಲ್ಲಿ ಕೇಳುತ್ತೇನೆಂದು ಇಟ್ಟುಕೊಂಡರೆ, ತನಿ ಆವರ್ತನದ, ಅಂದರೆ ತಾಳವಾದ್ಯಗಳಷ್ಟೇ ನುಡಿಯುವ ಭಾಗದ, ಗಟ್ಟಿ ಪೆಟ್ಟುಗಳಿಗೆ ಮೇಲೆ ಇನ್ನೊಂದು 20 ಡೆಸಿಬಲ್ ಜಾಗ ಬೇಕು, ಅಂದರೆ ಒಟ್ಟು 95. 560ಎಸ್ ಅನ್ನು ಅಲ್ಲಿಗೆ ಮುಟ್ಟಿಸಲು 1 ವೋಲ್ಟ್‌ನ ಐದನೇ ಒಂದು ಭಾಗವೂ ಬೇಕಾಗುವುದಿಲ್ಲ. 990ಕ್ಕಾದರೆ 1 ವೋಲ್ಟ್‌ನಲ್ಲಿ ಉಳಿಯುವುದು 7 ಡೆಸಿಬಲ್ ಮಾತ್ರ. ಕೆಳ ಮೇಲಿನ ಸ್ವರಗಳ ಮಟ್ಟವನ್ನು ಬೇರೆಬೇರೆಯಾಗಿ ಹೊಂದಿಸುವ ಈಕ್ವಲೈಸರ್ ಹಾಕಿದರೆ, ಮೆಲುದನಿಯ ಹಳೆಯ ಮುದ್ರಿಕೆ ಹಾಕಿದರೆ, ಅದೂ ಕರಗಿಹೋಗುತ್ತದೆ. ಹಾಗಾಗಿ ಅದಕ್ಕೆ ಬೇರೆ ಆಂಪ್ ಕೊಳ್ಳಬೇಕು, ಆ ದುಡ್ಡು ಹೆಡ್‌ಫೋನಿನ ಪಾಲಿನಿಂದಲೇ ಹೋಗಬೇಕು.

ಬೆಂಗಳೂರಿಗೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ಎರಡನ್ನೂ ಕೇಳಿ ನೋಡಿದೆ. “ಆಂಪ್ ಇಲ್ದೆ ಇದು ಓಡಲ್ಲ ಸರ್” ಎಂದು ಅಲ್ಲಿಯ ಹುಡುಗ 560ಎಸ್ ಅನ್ನು ದೊಡ್ಡದೊಂದು ಆಂಪಿಗೆ ಸಿಕ್ಕಿಸಿ ಕೊಟ್ಟ. ನಾನು ಕೋರಿದ ಮೇಲೆ ಅದನ್ನೇ ನನ್ನ ಲ್ಯಾಪ್‌ಟಾಪಿನ ಆಪಲ್ ಡಾಂಗಲ್‌ಗೆ (ಯುಎಸ್‌ಬಿಗೆ ಸಿಕ್ಕಿಸಿ ಹೆಡ್‌ಫೋನ್ ಹಾಕುವ ತುಂಡು ವೈರಿಗೆ) ಹಾಕಲು ಬಿಟ್ಟ. ಹೋಲಿಕೆಯ ಮುಂಚೆ ತಂಬೂರಿಯ ಒಂದೇ ಶ್ರುತಿಯನ್ನು ನುಡಿಸಿ ಎರಡರ ಸದ್ದನ್ನೂ ಸಮ ಮಾಡಿಕೊಂಡೆ. ಈ ಕೆಲಸವನ್ನು ಬಿಡಲೇಬಾರದು, ಏಕೆಂದರೆ ಒಂದು ಡೆಸಿಬಲ್ ಜೋರಾಗಿರುವುದು ಸಾಮಾನ್ಯವಾಗಿ ಹೆಚ್ಚು ಸೊಗಸಾಗಿ ಕೇಳಿಸುತ್ತದೆ. ಸಮವಾದ ಮೇಲೆ ಆಂಪಿಗೂ ಡಾಂಗಲ್‌ಗೂ ನನಗೆ ಯಾವ ಭೇದವೂ ಕಾಣಲಿಲ್ಲ. ಹೆಡ್‌ಫೋನ್‌ಗಳ ಭೇದವಾದರೋ ಎರಡು ಸಾಲು ಹಾಡುವುದರೊಳಗೆ ಸ್ಪಷ್ಟವಾಯಿತು. 990ರಲ್ಲಿ ಮೇಲಿನ ಕಂಪನಾಂಕಗಳು ಎದ್ದು ನಿಲ್ಲುವುದರಿಂದ ಕೃತಿಯ ಸಾಹಿತ್ಯದಲ್ಲಿನ ಸಕಾರ ಷಕಾರಗಳು ಕಿವಿಗೆ ಚುಚ್ಚುತ್ತಿದ್ದವು. 560ಎಸ್‌ನಲ್ಲಿ ಕಂಠ ಕಂಠವಾಗಿಯೇ ಇತ್ತು, ಮೃದಂಗದ ಎಡಮುಖ ಮಾತ್ರ ಕೊಂಚ ತೆಳು. ತೆಳುವನ್ನು ತುಂಬಿಕೊಳ್ಳಬಹುದು ಎಂದು ಅದನ್ನೇ ಆರಿಸಿದೆ. ಮುಂದೆ ರಿಯಾಯಿತಿ ಮಾರಾಟ ಬಂದಾಗ 15,000ದ ಆಸುಪಾಸಿಗೆ ಅದು ಸಿಕ್ಕಿತು.

ಡ್ಯಾಕ್ ಮತ್ತು ಆಂಪ್ ಎರಡರ ಕೆಲಸವನ್ನೂ ಸಾವಿರದ ಆಸುಪಾಸಿನ ಆ ಆಪಲ್ ಡಾಂಗಲ್ ಮಾಡುತ್ತಿದೆ. ಅದು ಸುಮಾರು 1 ವೋಲ್ಟ್ ಕೊಡುತ್ತದೆ, ಅದರ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಅದರದೇ ಒಳತಡೆ, 1 ಓಮ್‌ನ ಹತ್ತಿರ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಅದು ಕಡಿಮೆಯಿರಬೇಕೆಂಬ ರೂಢಿಯ ಲೆಕ್ಕಕ್ಕೆ ಇದು ಧಾರಾಳ. ಕೊಳ್ಳುವವರು ಎರಡು ಸಂಗತಿ ಗಮನಿಸಬೇಕು: ಯೂರೋಪಿಗೆಂದು ಮಾಡಿದ ಡಾಂಗಲ್ ಅರ್ಧ ವೋಲ್ಟ್ ಮಾತ್ರ ಕೊಡುತ್ತದೆ, ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದರ ಸದ್ದು ಪೂರ್ತಿ ಏರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಈ ತೊಂದರೆ ಇಲ್ಲ. 560ಎಸ್‌ನ ಕೇಬಲ್ 3 ಮೀಟರ್ ಉದ್ದ, ತುದಿಯಲ್ಲಿ 6.3 ಮಿ.ಮೀ. ದಪ್ಪ ಪಿನ್, ಪೆಟ್ಟಿಗೆಯಲ್ಲೇ ಬರುವ 3.5 ಮಿ.ಮೀ. ಅಡಾಪ್ಟರ್ ಅನ್ನು ನಾನು ಮೇಜಿನ ಕಾಲಿಗೆ ಕಟ್ಟಿದ್ದೇನೆ, ಇಲ್ಲವಾದರೆ ಕೇಬಲ್‌ನ ಭಾರವೆಲ್ಲ ಡಾಂಗಲ್‌ನ ತೆಳು ವೈರಿನ ಮೇಲೆ ಬೀಳುತ್ತದೆ.

ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು 100 ಹರ್ಟ್ಸ್‌ನ ಕೆಳಗೆ 4 ಡೆಸಿಬಲ್ ಏರಿಸಿದೆ. ಹೀಗೆ ಏರಿಸುವಾಗ ಒಟ್ಟು ಮಟ್ಟವನ್ನು ಅದೇ ತಂತ್ರಾಂಶದ ಪ್ರೀಆಂಪ್ ಎಂಬ ಹೊಂದಿಕೆಯಲ್ಲಿ ಅಷ್ಟೇ ಇಳಿಸಬೇಕು, ಇಲ್ಲದಿದ್ದರೆ ಗಟ್ಟಿ ಪೆಟ್ಟುಗಳು ಒಡೆದು ಕರಕರ ಎನ್ನುತ್ತವೆ. ಅದರಿಂದ ನನ್ನ 110 ಡೆಸಿಬಲ್ 106ಕ್ಕೆ ಇಳಿಯಿತು. ಮೊದಲೇ ಲೆಕ್ಕ ಹಾಕಿದ್ದರಿಂದ ಅದು ಚಿಂತೆಯಾಗಲಿಲ್ಲ. ಈಗ ಗುಮ್ಕಿ ಎದೆಗೆ ತಾಕುವುದಿಲ್ಲ ನಿಜ, ಹೆಡ್‌ಫೋನಿನಿಂದ ಅದು ಸಾಧ್ಯವೂ ಇಲ್ಲ, ಆದರೆ ಅದರ ಸ್ವರ ಏರಿಳಿಯುವುದು ತಂಬೂರಿಯನ್ನು ಮುಚ್ಚದೆ ಸ್ಪಷ್ಟವಾಗಿ ಕೇಳುತ್ತದೆ.

ಹಳೆಯ ಸ್ಟೀರಿಯೊ ಮುದ್ರಿಕೆಗಳ ಸಮಸ್ಯೆ ಬೇರೆ. ಅವುಗಳಲ್ಲಿ ಕೆಲವದರಲ್ಲಿ ಪಿಟೀಲು ಪೂರ್ತಿ ಎಡಕ್ಕೆ, ಮೃದಂಗ ಪೂರ್ತಿ ಬಲಕ್ಕೆ. ಸ್ಪೀಕರಿನಲ್ಲಿ ಎರಡೂ ಕಿವಿಗಳಿಗೆ ಎರಡೂ ಕಡೆಯ ಸದ್ದು ಸಹಜವಾಗಿ ತಲುಪುತ್ತದೆ, ಹೆಡ್‌ಫೋನಿನಲ್ಲಿ ತಲುಪುವುದಿಲ್ಲ. ಅರ್ಧ ಗಂಟೆಯಲ್ಲಿ ತಲೆ ಭಾರವಾಗುತ್ತದೆ. ಫೂಬಾರ್ 2000 ಎಂಬ ಉಚಿತ ಪ್ಲೇಯರಿಗೆ ಕ್ರಾಸ್‌ಫೀಡ್ ಎಂಬ ಸೇರ್ಪಡೆ ಸಿಗುತ್ತದೆ. ಅದು ಒಂದು ಬದಿಯ ಸದ್ದನ್ನು ಸ್ವಲ್ಪ ತಗ್ಗಿಸಿ, ತಡಮಾಡಿ, ಇನ್ನೊಂದು ಬದಿಗೂ ಬೆರೆಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ 78 ಆರ್‌ಪಿಎಂ ತಟ್ಟೆಗಳಂಥ ಮೋನೊ (ಎರಡೂ ಕಿವಿಗೆ ಒಂದೇ ಸದ್ದಿನ) ಮುದ್ರಿಕೆಗಳಿಗೆ ಇದು ಬೇಕಿಲ್ಲ. ಅಲ್ಲಿ ಕಂಠ ನೇರ ತಲೆಯ ನಡುವೆಯೇ ಕೂರುತ್ತದೆ, ನಾನು ಮೇಲಿನ ಚರಚರವನ್ನು ಮಾತ್ರ ಒಂದಿಷ್ಟು ಇಳಿಸಿ ಕೇಳುತ್ತೇನೆ.

ಸದ್ದಿನ ಮಿತಿಯ ಬಗ್ಗೆ ನಾನು ಕಟ್ಟುನಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 40 ಗಂಟೆ, 80 ಡೆಸಿಬಲ್. ಮೇಲೆ ಪ್ರತಿ 3 ಡೆಸಿಬಲ್‌ಗೂ ಅವಧಿ ಅರ್ಧವಾಗುತ್ತದೆ. ಫ್ಯಾನನ್ನು ಎರಡನೇ ಅಂಕಿಗೆ ಇಳಿಸಿದರೆ ಸದ್ದು ಏರಿಸುವ ಆಸೆಯೇ ಹುಟ್ಟುವುದಿಲ್ಲ.

ಮಿಕ್ಕಿದ ಹಣದಲ್ಲಿ ಯುಎಸ್‌ಬಿ ಸಿಡಿ ಡ್ರೈವ್ ಒಂದನ್ನು ತಂದು, ಮನೆಯ ಕಪಾಟಿನಲ್ಲಿದ್ದ ಕಚೇರಿ ಸಿಡಿಗಳನ್ನು ಒಂದೊಂದಾಗಿ ಗುಣ ಕುಂದದ ಫ್ಲಾಕ್ ಕಡತಗಳಾಗಿ ಇಳಿಸಿಕೊಳ್ಳುತ್ತಿದ್ದೇನೆ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್‌ಗೂ ಮೀರಿದ ಕಡತಗಳಿಗೆ ದುಡ್ಡು ಕೊಡುವ ಅಗತ್ಯ ನನಗೆ ಕಂಡಿಲ್ಲ. ಇನ್ನು ಖರ್ಚೆಂದು ಉಳಿದಿರುವುದು ಮೆತ್ತೆಗಳದ್ದು. ಅವು ಚಪ್ಪಟೆಯಾದಂತೆ ಕಿವಿಗೂ ಸದ್ದು ಹೊಮ್ಮಿಸುವ ಡ್ರೈವರಿಗೂ ನಡುವಿನ ಅಂತರ ತಗ್ಗಿ ನಾದವೇ ಬದಲಾಗುತ್ತದೆ, ಹಾಗಾಗಿ ಬಿಡಿಭಾಗವಾಗಿ ಮೆತ್ತೆ ಸಿಗುವ ಮಾದರಿಯನ್ನೇ ಕೊಳ್ಳಿ.