ಕುಷ್ಟಗಿಯ ಮಸಾರಿ ನೆಲದಲ್ಲಿ ಕೇಸರ್ ಮಾವು: ಹೀಗೆ ನೆಟ್ಟೆ

ಪರ್ಮಾಕಲ್ಚರ್ ಪದ್ಧತಿಯಲ್ಲಿ, ಅಂದರೆ ನಿಸರ್ಗದ ರೀತಿಯನ್ನೇ ಅನುಸರಿಸುವ ಕೃಷಿಯಲ್ಲಿ, ಹಣ್ಣಿನ ಗಿಡ ನೆಡುವ ಬಗ್ಗೆ ನಾನು ಓದಿದ್ದೆಲ್ಲ ಬಹುಪಾಲು ಚಳಿ ನಾಡಿನದು. ಅಲ್ಲಿ ಸೇಬಿನ ಸಸಿ ಎಲೆ ಉದುರಿಸಿಕೊಂಡು ಸುಮ್ಮನಿರುವ ಕಾಲದಲ್ಲಿ, ಬೇರಿಗೆ ಮಣ್ಣಿಲ್ಲದೆಯೇ ತಂದು ನೆಡುತ್ತಾರೆ. ಆಸ್ಟ್ರಿಯಾದ ಬೆಟ್ಟದಲ್ಲಿ ಇದೇ ಪದ್ಧತಿಯ ರೈತ ಸೆಪ್ ಹೋಲ್ಜರ್ ಅವರು ಗಿಡದ ಪಕ್ಕ ದೊಡ್ಡ ಕಲ್ಲುಗಳನ್ನು ಇಟ್ಟರು. ಹಗಲು ಕಾದ ಕಲ್ಲು ರಾತ್ರಿ ಗಿಡವನ್ನು ಬೆಚ್ಚಗಿಡುತ್ತದೆ. ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲದಲ್ಲೂ ಕಲ್ಲಿಗೆ ಕೊರತೆಯಿಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ಕಾದ ಕಲ್ಲು ಎಳೆ ಸಸಿಯನ್ನು ಸುಟ್ಟೇ ಬಿಡುತ್ತದೆ. ಅದಕ್ಕೆ ಕಲ್ಲನ್ನೆಲ್ಲ ಬುಡದಿಂದ ದೂರ ಒಯ್ದು, ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಒಡ್ಡು ಕಟ್ಟಲು ಬಳಸಿದೆ. ಮೇಲಿನಿಂದ ಹರಿದ ನೀರು ಅಲ್ಲಿ ನಿಂತು ಇಂಗುತ್ತದೆ.

ಮೂರು ಅಡಿ ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟಿದ್ದೆ. ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ಒಳಗಿನವರೆಗೆ ನೆನೆದ ಮೇಲೆ ಮೇಲ್ಮಣ್ಣು, ಹಳೆಯ ತಿಪ್ಪೆಗೊಬ್ಬರ, ಬೇವಿನ ಹಿಂಡಿ ಕಲಸಿ ತುಂಬಿ, ಕಸಿ ಗಂಟು (ನಾಟಿ ಮಾವಿನ ಬುಡಕ್ಕೆ ಕೇಸರ್ ಕೂಡಿಸಿದ ಜಾಗ) ಮಣ್ಣಿಗಿಂತ ಮೇಲೆ ಇರುವಂತೆ ಸಸಿ ಕೂರಿಸಿದೆ. ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಕಂಡಾಗಲೆಲ್ಲ ಚಿವುಟಬೇಕು, ಅದು ನಾಟಿ ಮಾವಿನ ಚಿಗುರು. ಆಷಾಢದ ಗಾಳಿ ಇಲ್ಲಿ ಜೋರು. ಎರಡೂ ಬದಿಗೆ ಕೋಲು ನೆಟ್ಟು ಹಳೆ ಧೋತರದ ಚೂರಿನಿಂದ ಸಡಿಲವಾಗಿ ಕಟ್ಟಿದೆ. ಸುತಳಿ ತೊಗಟೆ ಕೊರೆಯುತ್ತದೆ.

ಪಕ್ಕದಲ್ಲಿ ತೂತಿಲ್ಲದ ಮಣ್ಣಿನ ಗಡಿಗೆಯೊಂದನ್ನು ಕಂಠದವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕಿದೆ. ನೀರು ಜಿನುಗುತ್ತಾ ಬೇರಿನ ಮಟ್ಟಕ್ಕೇ ಸಿಗುತ್ತದೆ. ಮಳೆ ಕೈಕೊಟ್ಟ ದಿನಗಳಲ್ಲಿ ಸಸಿಯನ್ನು ಉಳಿಸಿದ್ದು ಇದೇ.

ಬುಡದ ಸುತ್ತ ನೆಲಕ್ಕೆ ಹಾಕುವ ಹೊದಿಕೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಣ ದಂಟು ಹಾಕಿದರೆ ಗೆದ್ದಲು ಬಂದೇ ಬರುತ್ತದೆ, ಆ ಹೆದರಿಕೆಗೇ ನಮ್ಮಲ್ಲಿ ಎಷ್ಟೋ ಜನ ನೆಲವನ್ನು ಬರಿದೇ ಬಿಡುತ್ತಾರೆ. ಆದರೆ ಬಾಯಾರಿದ ಸಸಿಗೇ ಗೆದ್ದಲ ಕಾಟ ಹೆಚ್ಚು. ಬೇರಿಗೆ ತೇವ ಸಿಗುತ್ತಿದ್ದರೆ ಗೆದ್ದಲು ಹೆಚ್ಚಾಗಿ ಸಸಿಯನ್ನು ಬಿಟ್ಟು ದಂಟು ತಿಂದು ಮಣ್ಣು ಮಾಡುತ್ತದೆ. ನಾನು ಶೇಂಗಾ ಹೊಟ್ಟು, ಸಜ್ಜೆ ದಂಟು, ಬೇವಿನ ಸೊಪ್ಪನ್ನು ದಪ್ಪಗೆ ಹರಡಿ, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಟ್ಟೆ. ಆಗಾಗ ಹೊದಿಕೆ ಎತ್ತಿ ನೋಡುವುದು ರೂಢಿ. ಮೇ ತಿಂಗಳಲ್ಲೂ ಕೆಳಗಿನ ಮಣ್ಣು ತಣ್ಣಗೆ ಕೈಗೆ ಅಂಟುತ್ತಿತ್ತು, ಅಂಗೈ ಅಗಲದಾಚೆ ಬರಿನೆಲ ಬಿರುಕು ಬಿಟ್ಟಿತ್ತು.

ಚಳಿ ನಾಡಿನವರು ಗಿಡಕ್ಕೆ ಬಿಸಿಲು ಹುಡುಕುತ್ತಾರೆ, ನಾನು ಪಡುವಣ ಬಿಸಿಲಿಗೆ ತಡೆ ಹುಡುಕಿದೆ. ಸಸಿಯ ಪಶ್ಚಿಮಕ್ಕೆ ಎರಡು ಸಾಲು ತೊಗರಿ ಬಿತ್ತಿದ್ದೆ. ಸುಗ್ಗಿಯಲ್ಲಿ ಕಾಯಿ ಮಾತ್ರ ಬಿಡಿಸಿಕೊಂಡು ಕಟ್ಟಿಗೆಯನ್ನು ಹಾಗೇ ನಿಲ್ಲಿಸಿದ್ದರಿಂದ ಬೇಸಿಗೆಯುದ್ದಕ್ಕೂ ಮಧ್ಯಾಹ್ನದ ನಂತರ ಅರೆನೆರಳು ಬಿತ್ತು. ತೊಗರಿ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕವನ್ನೂ ಕೊಡುತ್ತವೆ. ಆಚೆಗೆ ಒಂದು ನುಗ್ಗೆಯೂ ಇದೆ.

ಕಸಿ ಗಿಡ ಬೇಗ ಹೂ ಬಿಡುತ್ತದೆ. ಮೊದಲ ಮೂರು ವರ್ಷ ಹೂಗೊಂಚಲನ್ನು ಮುರಿದು ತೆಗೆಯಬೇಕು, ಇಲ್ಲದಿದ್ದರೆ ಟೊಂಗೆ ಬಲಿಯುವುದಿಲ್ಲ. “ಬಿಟ್ಟ ಹೂವು ಮುರೀಬ್ಯಾಡೋ ಯಪ್ಪಾ” ಅಂತ ಅವ್ವ ಅಡ್ಡ ಬಂದಳು. ಅವಳ ಸಲುವಾಗಿ ಬಾವಿಯ ಹತ್ತಿರದ ಒಂದು ಗಿಡದ ಹೂ ಬಿಟ್ಟಿದ್ದೇನೆ, ಉಳಿದವುಗಳದ್ದೆಲ್ಲ ತೆಗೆದೆ.