ಕಾಗಕ್ಕನಿಗೆ ಎರಡನೇ ಪಂಕ್ತಿ

ಗುಬ್ಬಿಗೆಂದು ಇಟ್ಟ ನುಚ್ಚು ಪಾರಿವಾಳದ ಪಾಲಾಗುವುದು ಮೈಸೂರಿನಲ್ಲಿ ಹೊಸ ದೂರೇನಲ್ಲ. ಕುವೆಂಪುನಗರದ ನಮ್ಮ ಮನೆಯಲ್ಲೂ ಅದೇ ಆಯಿತು. ಸೀಬೆ ಮರಕ್ಕೆ ತೂಗುಹಾಕಿದ ಮಣ್ಣಿನ ತಟ್ಟೆಗೆ ಮೊದಲ ವಾರ 4 ಗುಬ್ಬಿ ಬಂದವು, ಎರಡನೇ ವಾರ 2 ಪಾರಿವಾಳ, ಮೂರನೇ ವಾರ 14 ಪಾರಿವಾಳ. ಗುಬ್ಬಿಗಳು ಕಾಂಪೌಂಡಿನ ಮೇಲೆ ಕೂತು ನೋಡುತ್ತಿದ್ದವು. "ಉಂಡವರಿಗೇ ಬಡಿಸ್ತಾ ಇದ್ದೀಯಲ್ಲೋ" ಅಂದರು ಅಮ್ಮ.

ಓಡಿಸಿ ಸುಖವಿಲ್ಲ. ಕೈ ಬೀಸಿದರೆ ಮೊದಲು ಹಾರುವುದು ಗುಬ್ಬಿ, ಮೊದಲು ವಾಪಸು ಬರುವುದು ಪಾರಿವಾಳ. ಗುಬ್ಬಿ ತೂಗುವುದು 25-30 ಗ್ರಾಂ. ಕಾಗೆ, ಪಾರಿವಾಳಗಳದ್ದು ಹತ್ತಿರಹತ್ತಿರ 300 ಗ್ರಾಂ. ಈ ಹತ್ತು ಪಟ್ಟು ವ್ಯತ್ಯಾಸವೇ ನಮ್ಮ ಬಂಡವಾಳ: ಸಣ್ಣವಕ್ಕೆ ಮಾತ್ರ ಕೂರಲಾಗುವ ಕಡೆ ಎಲೆ ಹಾಕಬೇಕು.

ಮೊದಲು ತಟ್ಟೆ ಇಳಿಸಿ

ಪಾರಿವಾಳಗಳು ಆಗಲೇ ಗುಂಪುಗಟ್ಟಿದ್ದರೆ ಹತ್ತು ಹದಿನೈದು ದಿನ ಏನೂ ಇಡಬೇಡಿ. ಗುಬ್ಬಿಗಳು ಹಸಿವಿನಿಂದ ಸಾಯುವುದಿಲ್ಲ, ಅವಕ್ಕೆ ಬೇರೆ ಮನೆಗಳು ಗೊತ್ತು. ಅರಮನೆ ಮುಂದೆ ಕಾಳು ಚೆಲ್ಲಿದೊಡನೆ ಆಕಾಶವೇ ಇಳಿದಂತೆ ಬರುತ್ತಿದ್ದ ಪಾರಿವಾಳಗಳನ್ನು ನೋಡಿದವರಿಗೆ, ರುಚಿ ಹತ್ತಿದ ಜಾಗವನ್ನು ಅವು ಸುಲಭಕ್ಕೆ ಬಿಡುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಬಿಡುವಿನ ಈ ದಿನಗಳಲ್ಲೇ ಊಟ ಬದಲಿಸಿ. ಜೋಳ, ಗೋಧಿ, ಅಕ್ಕಿ ಪಾರಿವಾಳಕ್ಕೆ ಹಬ್ಬ. ಅನ್ನ, ಚಪಾತಿ, ಮಿಕ್ಸ್ಚರ್ ಚೂರು ಕಂಡರೆ ಕಾಗೆ, ಗೊರವಂಕ ಬಳಗವನ್ನೇ ಕರೆತರುತ್ತವೆ. ಉಪ್ಪು ಖಾರದ ತಿಂಡಿ ಯಾವ ಹಕ್ಕಿಗೂ ಬೇಡ. ನವಣೆ, ಸಾಮೆ, ಸಣ್ಣ ನುಚ್ಚು ಸಾಕು. ಬೆಳಿಗ್ಗೆ 2 ಚಮಚ, ಸಂಜೆ 2 ಚಮಚ. ಹೆಚ್ಚು ಸುರಿದರೆ ಉಳಿಯುತ್ತದೆ, ಉಳಿದದ್ದು ದೊಡ್ಡವರನ್ನು ಕರೆಯುತ್ತದೆ.

ತೆನೆ ಕಟ್ಟುವುದು

ಖರ್ಚಿಲ್ಲದ, ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇದು. ಮಂಡ್ಯದ ನಾಲೆ ಬಯಲಿನಲ್ಲಿ ಭತ್ತ ಕೊಯ್ಯುವಾಗ ನಮ್ಮ ಭಾವ ಒಂದು ಹಿಡಿ ತೆನೆ ತೆಗೆದಿಟ್ಟಿರುತ್ತಾರೆ. ಹಳ್ಳಿ ಮನೆಗಳ ಜಗಲಿಯಲ್ಲಿ ತೆನೆಗೊಂಚಲು ತೂಗುವುದನ್ನು ನೋಡಿಯೇ ಇರುತ್ತೀರಿ. ಅಂದಕ್ಕಷ್ಟೇ ಅಲ್ಲ ಅದು, ಗುಬ್ಬಿಯ ಪಾಲು ಕೂಡ.

ಒಂದಡಿ ಕಡ್ಡಿಯಿರುವ 30-40 ತೆನೆ ಸೇರಿಸಿ, ಬುಡವನ್ನು ಸೆಣಬಿನ ಹುರಿಯಿಂದ ಬಿಗಿದು, ತೆನೆ ಕೆಳಮುಖವಾಗಿ ಇಳಿಬಿಡಿ. ಸುತ್ತ ಎರಡಡಿಯೊಳಗೆ ಗೋಡೆಯಂಚು, ಕಿಟಕಿ ಸಜ್ಜೆ, ದಪ್ಪ ಕೊಂಬೆ ಯಾವುದೂ ಇರಬಾರದು. ಗುಬ್ಬಿ ಬಂದು ತೆನೆಯನ್ನೇ ಹಿಡಿದು ತಲೆಕೆಳಗಾಗಿ ಜೋತಾಡುತ್ತದೆ, ಒಂದು ಕಾಳು ಕಿತ್ತು ಕೊಕ್ಕಿನಲ್ಲೇ ಹೊರಳಿಸಿ ಹೊಟ್ಟು ಉದುರಿಸುತ್ತದೆ. ರಾಟವಾಳಗಳೂ ಹಾಗೆಯೇ ಜೋತು ತಿನ್ನುತ್ತವೆ. ಪಾರಿವಾಳದ ಕಾಲು ನೆಲದ ಮೇಲೆ ನಡೆಯಲು ಆಗಿಬಂದದ್ದು, ಜೋತುಬೀಳಲು ಬಾರದು. ಎರಡು ಸಲ ರೆಕ್ಕೆ ಬಡಿದು ಸುಮ್ಮನಾಗುತ್ತದೆ. ಕೆಳಗೆ ಉದುರಿದ್ದನ್ನು ಮಾತ್ರ ದಿನವೂ ಗುಡಿಸಿ. ಇಲ್ಲವಾದರೆ ಮೇಲೆ ಗುಬ್ಬಿಯ ಪಂಕ್ತಿ, ಕೆಳಗೆ ಪಾರಿವಾಳದ ಪಂಕ್ತಿ.

ಜಾಲರಿ ಪಂಜರ

ವರ್ಷವಿಡೀ ತೆನೆ ಸಿಗುವುದಿಲ್ಲವಲ್ಲ, ಅದಕ್ಕೆ ಇದು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೂವರೆ ಇಂಚು ಚೌಕದ ವೆಲ್ಡ್ ಮೆಶ್ ಕೇಳಿ. ಎರಡಿಂಚಿನದು ಬೇಡ, ಗೊರವಂಕ ತೂರಿಕೊಳ್ಳಬಹುದು. ಒಂದಿಂಚಿನದೂ ಬೇಡ, ಗುಬ್ಬಿಗೆ ಬಿಗಿಯಾಗುತ್ತದೆ.

5 ಅಡಿ ಉದ್ದ, ಒಂದೂವರೆ ಅಡಿ ಎತ್ತರದ ತುಂಡನ್ನು ಉರುಳೆಯಂತೆ ಸುತ್ತಿ ತಂತಿಯಿಂದ ಹೊಲಿಯಿರಿ. ಸುಮಾರು 18 ಇಂಚು ಅಗಲದ ಪಂಜರವಾಗುತ್ತದೆ. ಮೇಲಕ್ಕೂ ಕೆಳಕ್ಕೂ ಒಂದೂವರೆ ಅಡಿ ಚೌಕದ ತುಂಡುಗಳನ್ನು ಮುಚ್ಚಿ, ಚೂಪು ತುದಿಗಳನ್ನೆಲ್ಲ ಇಕ್ಕಳದಿಂದ ಮಡಚಿ. ಒಳಗೆ ನಟ್ಟನಡುವೆ 5-6 ಇಂಚಿನ ಚಿಕ್ಕ ತಟ್ಟೆ ತೂಗುಹಾಕಿ.

ನಾನು ಎಡವಿದ್ದು ಇಲ್ಲೇ. ಮೊದಲ ಪಂಜರದಲ್ಲಿ ಜಾಲರಿಗೂ ತಟ್ಟೆಗೂ ಎರಡೇ ಇಂಚು ಅಂತರ ಬಿಟ್ಟಿದ್ದೆ. ಕಾಗೆ ಹೊರಗೆ ಕೂತು ಕೊಕ್ಕು ತೂರಿಸಿ, ತಟ್ಟೆಯನ್ನು ಕುಟ್ಟಿ ಓರೆಮಾಡಿ, ಬಿದ್ದದ್ದನ್ನು ಇಳಿದು ಆರಾಮವಾಗಿ ತಿಂದಿತು. ಎಲ್ಲ ಕಡೆಯಿಂದಲೂ 6 ಇಂಚು ಅಂತರವಿದ್ದರೆ ಕಾಗೆಯ ಕೊಕ್ಕೂ ಪಾರಿವಾಳದ ಕತ್ತೂ ಎಟುಕುವುದಿಲ್ಲ.

ನೀರಿನ ಬಾಟಲಿಗೆ ಕಾಳು ತುಂಬಿ, ತೂತು ಕೊರೆದು, ಹಕ್ಕಿ ಕೂರಲೆಂದು ಚಮಚ ಸಿಕ್ಕಿಸುವವರೂ ಇದ್ದಾರೆ. ಚಮಚ ಉದ್ದಕ್ಕೆ ಹೊರಚಾಚಿದ್ದರೆ ಪಾರಿವಾಳಕ್ಕೂ ಆಸನವಾಯಿತು. ಒಂದೂವರೆ ಇಂಚಿಗಿಂತ ಹೆಚ್ಚು ಹೊರಚಾಚುವುದು ಬೇಡ.

ಕಾಗೆಗೇನು ಮಾಡೋಣ?

ಪಕ್ಷದ ದಿನ ಎಡೆ ಇಟ್ಟು, ಕಾಗೆ ಮುಟ್ಟಲಿಲ್ಲವೆಂದು ಗಂಟೆಗಟ್ಟಲೆ ಕೈಮುಗಿದು ನಿಲ್ಲುವವರೂ ನಾವೇ. ಹಾಗಾಗಿ ಮುನಿಸು ಅತಿಯಾಗಬಾರದು. ತಾರಸಿಯ ಇನ್ನೊಂದು ಮೂಲೆಯಲ್ಲಿ ಅಗಲ ಬಾಯಿಯ ನೀರಿನ ಪಾತ್ರೆ ಇಡಿ, ಆಳ ಎರಡು ಇಂಚು ಸಾಕು. ಒಣಗಿದ ಚಪಾತಿ, ಕೆಲವೊಮ್ಮೆ ಮೂಳೆ ತಂದು ಅದರಲ್ಲಿ ನೆನೆಹಾಕುವುದು ಕಾಗೆಯ ಅಭ್ಯಾಸ. ಆದ್ದರಿಂದ ನೀರು ದಿನವೂ ಚೆಲ್ಲಿ ಪಾತ್ರೆ ಉಜ್ಜಬೇಕು, ಸೊಳ್ಳೆಯ ಕಾಟವೂ ತಪ್ಪುತ್ತದೆ. ಕಾಳಿನ ತಟ್ಟೆಗೂ ವಾರಕ್ಕೊಮ್ಮೆ ಬಿಸಿನೀರು, ಬಿಸಿಲು ಆಗಲಿ. ಪಾರಿವಾಳದ ಹಿಕ್ಕೆ ಒಣಗಿದ್ದರೆ ಹಾಗೇ ಗುಡಿಸಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರು ಚಿಮುಕಿಸಿ, ಮೂಗು ಮುಚ್ಚಿಕೊಂಡು ತೆಗೆಯಿರಿ.

ನೈಲಾನ್ ಬಲೆ, ಅಂಟು, ಕವಣೆ ಕಲ್ಲು ಯಾವುದೂ ಬೇಡ. ಬಲೆಗೆ ಕಾಲು ಸಿಕ್ಕಿಸಿಕೊಳ್ಳುವುದು ಬಹುಪಾಲು ನೀವು ಕರೆದ ಹಕ್ಕಿಯೇ. ಹಳೇ ಸೀಡಿ ತೂಗುಹಾಕಿದರೆ ನಾಲ್ಕು ದಿನ ಹೆದರುತ್ತವೆ, ಐದನೇ ದಿನ ಅದರ ಪಕ್ಕದಲ್ಲೇ ಕೂರುತ್ತವೆ.

ಹೊಸ ಪಂಜರಕ್ಕೆ ಗುಬ್ಬಿ ಕೂಡಲೇ ಬಾರದಿದ್ದರೆ ಗಾಬರಿಯಾಗಬೇಡಿ, ಜಾಗ ಬದಲಿಸಲೂ ಹೋಗಬೇಡಿ. ಜಾಲರಿಯ ಮೇಲೆ ನಾಲ್ಕು ಕಾಳು ಉದುರಿಸಿ ಕಾಯಿರಿ. ನಮ್ಮಲ್ಲಿ ಒಂಬತ್ತನೇ ದಿನ ಒಂದು ಗಂಡು ಗುಬ್ಬಿ ಮೂರು ಸುತ್ತು ಹಾಕಿ ಒಳಗೆ ಹೋಯಿತು. ಅದರ ಹಿಂದೆಯೇ, ಅಷ್ಟೇ ಸಲೀಸಾಗಿ, ಅಳಿಲು. ಅಳಿಲಿಗೆ ನನ್ನ ಹತ್ತಿರ ಉಪಾಯವಿಲ್ಲ.