ಕೆಜಿಎಫ್ ಚಿನ್ನದ ಗಣಿಯನ್ನು ಮೇಜಿನ ಮೇಲೆ ಕಟ್ಟುವುದು ಹೇಗೆ

ನಮ್ಮ ತಾತ ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಗಳ, ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಮಗಳಿಗೆ ತೋರಿಸೋಣ ಅಂದರೆ ತುಕ್ಕು ಹಿಡಿದ ಕಬ್ಬಿಣ, ಬೂದು ದಿಬ್ಬ ಅಷ್ಟೇ. ಅದಕ್ಕೇ ಮಾದರಿ ಕಟ್ಟಲು ಕೂತೆ.

ಮೊದಲು ಯಾವ ಕಾಲದ ಗಣಿ ಅಂತ ಗೊತ್ತು ಮಾಡಿಕೊಳ್ಳಿ. ಶಿವನಸಮುದ್ರದಿಂದ ಕರೆಂಟ್ ಬಂದಿದ್ದು 1902ರಲ್ಲಿ. ಅದಕ್ಕೂ ಹಿಂದಿನದಾದರೆ ಹೊಗೆ ಚಿಮಣಿ ಬೇಕು, ಕರೆಂಟ್ ಕಂಬ ಇರಕೂಡದು. ನಾನು ತಾತನ ಕಾಲ, 1960ರ ಆಸುಪಾಸು ಹಿಡಿದೆ.

ಅಳತೆ 1:100 ಇರಲಿ. ಒಂದು ಮೀಟರಿಗೆ ಒಂದು ಸೆಂಟಿಮೀಟರ್, ಲೆಕ್ಕ ಸುಲಭ. 4 ಅಡಿ ಉದ್ದದ ಪ್ಲೈವುಡ್ ಮೇಲೆ ಸುಮಾರು 120 ಮೀಟರ್ ಜಾಗ ಮಾತ್ರ ಹಿಡಿಯುತ್ತದೆ. ಇಡೀ ಊರಿನ ಆಸೆ ಬಿಡಿ. ಒಂದು ಶಾಫ್ಟ್ (ಗಣಿಗೆ ಇಳಿಯುವ ಬಾವಿ), ಒಂದು ವೈಂಡರ್ ಮನೆ (ಹಗ್ಗ ಸುತ್ತಿ ಬಿಡುವ ಯಂತ್ರದ ಮನೆ), ದಿಬ್ಬದ ಒಂದು ಅಂಚು ಸಾಕು.

ಜಾಸ್ತಿ ಸಮಯ ಹೆಡ್‌ಗೇರ್‌ಗೆ ಕೊಡಿ. ಶಾಫ್ಟಿನ ಬಾಯಿ ಮೇಲೆ ನಿಲ್ಲುವ ಕಬ್ಬಿಣದ ಗೋಪುರ ಅದು. ಉದ್ದನೆಯ ಕಾಲುಗಳಿಗೆ ಬಿದಿರು ಕಡ್ಡಿ, ಅಡ್ಡಪಟ್ಟಿಗಳಿಗೆ ತೆಂಗಿನ ಪೊರಕೆ ಕಡ್ಡಿ. ಎರಡು ಕಾಲು ನೇರ, ಇನ್ನೆರಡು ವೈಂಡರ್ ಮನೆ ಕಡೆಗೆ ಓರೆ. ಹಗ್ಗ ಎಳೆಯುವುದು ಆ ಕಡೆಗೆ ಅಲ್ವಾ, ಗೋಪುರ ಅತ್ತ ವಾಲದಂತೆ ಊರುವುದೇ ಆ ಕಾಲುಗಳ ಕೆಲಸ. ಇದನ್ನು ತಿರುವುಮುರುವು ಮಾಡಿದರೆ ಗಣಿಯಲ್ಲಿ ದುಡಿದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ತುದಿಯಲ್ಲಿ ಎರಡು ಚಕ್ರ. ದೊಡ್ಡ ಕೋಟಿನ ಗುಂಡಿಗಳು ಸರಿಹೋಗುತ್ತವೆ. ಕಪ್ಪು ದಾರಕ್ಕೆ ಮೇಣ ಸವರಿ ಹಗ್ಗ ಮಾಡಿ. ಒಂದು ದಾರ ವೈಂಡರಿನಲ್ಲಿ ಹಗ್ಗ ಸುತ್ತುವ ಡ್ರಮ್ಮಿನ ಮೇಲಿಂದ ಬರಲಿ, ಇನ್ನೊಂದು ಅಡಿಯಿಂದ. ಆಗ ಒಂದು ಕೇಜ್ (ಜನರನ್ನು ಇಳಿಸಿ ಏರಿಸುವ ಪಂಜರ) ಇಳಿಯುವಾಗ ಇನ್ನೊಂದು ಮೇಲೆ ಬರುತ್ತದೆ.

ತಗಡಿನ ಚಾವಣಿಗೆ ರಟ್ಟಿನ ಪೆಟ್ಟಿಗೆಯ ಒಳಪದರ ಬೇಡ, ಅದರ ಮಡಿಕೆ ತೀರಾ ದಪ್ಪ. ಹೇನು ತೆಗೆಯುವ ಬಾಚಣಿಗೆ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಇಟ್ಟು ಬೆರಳಿಂದ ಉಜ್ಜಿ. ಸಣ್ಣ ಗೆರೆ ಮೂಡುತ್ತದೆ. ತುಕ್ಕಿಗೆ ರೆಡ್ ಆಕ್ಸೈಡ್ ಬಣ್ಣವನ್ನು ಸ್ಪಂಜಿನ ತುಂಡಲ್ಲಿ ಅಲ್ಲಲ್ಲಿ ಒತ್ತಿ.

ಇನ್ನು ಸೈನೈಡ್ ದಿಬ್ಬ. ಅದಿರನ್ನು ಪುಡಿ ಮಾಡಿ, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯ ರಾಶಿ ಅದು. ಥರ್ಮಾಕೋಲ್ ಕತ್ತರಿಸಿ ತಲೆ ಚಪ್ಪಟೆ ಮಾಡಿ, ಕಾಗದದ ಮುದ್ದೆ ಮೆತ್ತಿ. ಹಸಿ ಇರುವಾಗಲೇ ಚಮಚದ ಹಿಡಿಯಿಂದ ಮೇಲಿಂದ ಕೆಳಕ್ಕೆ ಗೀರಿ, ಮಳೆ ನೀರು ಕೊರೆದ ಹಾಗೆ. ಒಣಗಿದ ಮೇಲೆ ಫೆವಿಕಾಲ್ ಬಳಿದು, ಜರಡಿ ಹಿಡಿದ ಕಲ್ಲುಪುಡಿ ಉದುರಿಸಿ. ಸ್ಪ್ರೇ ಪೇಂಟ್ ಮಾತ್ರ ಬೇಡ. ನನ್ನ ಮೊದಲ ದಿಬ್ಬ ಅದು ತಾಗಿ ಕರಗಿಹೋಯಿತು. ನಿಜವಾದ ದಿಬ್ಬದ ಪುಡಿಯನ್ನಂತೂ ಮನೆಗೆ ತರಲೇಬೇಡಿ. ಗಾಳಿಗೆ ಹಾರಿ ಬರುವ ಆ ಧೂಳಿನಿಂದಲೇ ಅಲ್ಲಿನ ಜನ ಕಷ್ಟಪಟ್ಟಿದ್ದಾರೆ.

ಕೊನೆಯದು ಆಳ. ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳ, ನಮ್ಮ ಅಳತೆಯಲ್ಲಿ 32 ಮೀಟರ್. ಕೇಜ್ ಒಂದೇ ಸಲಕ್ಕೆ ಅಷ್ಟು ಇಳಿಯುತ್ತಿರಲಿಲ್ಲ, ನಡುವೆ ಇಳಿದು ಒಳಗಿನ ಬೇರೆ ಶಾಫ್ಟ್ ಹಿಡಿಯಬೇಕಿತ್ತು. ಮೇಜಿನಡಿ ಇದನ್ನು ತೋರಿಸಲು ಆಗುವುದಿಲ್ಲ. ಅದಕ್ಕೆ 32 ಮೀಟರ್ ಕೆಂಪು ದಾರ ಅಳೆದು ರೀಲಿಗೆ ಸುತ್ತಿ, ತುದಿಗೆ ಒಂದೂ ಮುಕ್ಕಾಲು ಸೆಂಟಿಮೀಟರಿನ ಮನುಷ್ಯನನ್ನು ಕಟ್ಟಿ, ಮಾದರಿಯ ಪಕ್ಕ ಇಡಿ.

ಮಗಳು ಅದನ್ನು ಹಿಡಿದು ಹೊರಟಳು. ಬಾಗಿಲು ದಾಟಿ, ಗೇಟು ದಾಟಿ, ಬೀದಿ ನಲ್ಲಿ ಹತ್ತಿರ ಹೋದ ಮೇಲೆ ದಾರ ಮುಗಿಯಿತು. ಅಲ್ಲಿಂದಲೇ ಕೂಗಿದಳು: "ಮುತ್ತಾತ ಇಷ್ಟು ಕೆಳಗೆ ಹೋಗ್ತಿದ್ರಾ ಅಪ್ಪಾ?"